10 ತಿಂಗಳ ಮಗು, 20 ಗಂಟೆ ವಿಮಾನ: ತೊಟ್ಟಿಲ ಸೀಟಾ, ಮಗುವಿಗೇ ಒಂದು ಸೀಟಾ?

ದಾವಣಗೆರೆ_ಮಗಳು
ಎಲ್ಲರಿಗೂ ನಮಸ್ಕಾರ. ನಾವು ಸ್ಯಾನ್ ಹೋಸೆಯಲ್ಲಿ ಇದ್ದೇವೆ. ಡಿಸೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ಮೊದಲ ಸಲ ಊರಿಗೆ ಹೊರಟಿದ್ದೇವೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಫ್ರಾಂಕ್‌ಫರ್ಟ್ 11 ಗಂಟೆ, ಅಲ್ಲಿ ಮೂರು ಗಂಟೆ ಕಾಯಬೇಕು, ಅಲ್ಲಿಂದ ಬೆಂಗಳೂರಿಗೆ ಒಂಬತ್ತು ಗಂಟೆ ಹತ್ತಿರ. ರಾತ್ರಿ ಒಂದೂವರೆಗೆ ಇಳಿದು ಸೀದಾ ಕಾರಲ್ಲಿ ದಾವಣಗೆರೆ. ಜನವರಿಯಲ್ಲಿ ಧರ್ಮಸ್ಥಳದಲ್ಲಿ ಮುಡಿ ಕೊಡಿಸುವುದಿದೆ, ಅದಕ್ಕೇ ಈ ಪ್ರಯಾಣ ಮುಂದಕ್ಕೆ ಹಾಕುವ ಹಾಗಿಲ್ಲ.

ಹೋಗುವಾಗ ಮಗುವಿಗೆ 10 ತಿಂಗಳು. ಈಗ 9.2 ಕೆಜಿ ಇದ್ದಾಳೆ. ತವಳಿಕೊಂಡು ಹೋಗಿ ಏನು ಸಿಕ್ಕಿದರೂ ಹಿಡಿದು ನಿಲ್ಲುತ್ತಾಳೆ. ಮಡಿಲಲ್ಲಿ ಐದು ನಿಮಿಷ ಸುಮ್ನೆ ಕೂರುವುದಿಲ್ಲ.

ಮೂರು ದಾರಿ ಇದೆ. ಒಂದು, ಇನ್‌ಫೆಂಟ್ ಟಿಕೆಟ್ (ಮಗುವಿಗೆ ಸೀಟಿಲ್ಲ, ಮಡಿಲಲ್ಲೇ) ತೆಗೆದು ಬ್ಯಾಸಿನೆಟ್, ಅಂದರೆ ಎದುರಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು, ಇರುವ ಮುಂದಿನ ಸಾಲು ಕೇಳುವುದು. ಎರಡು, ಮಗುವಿಗೂ ಒಂದು ಸೀಟು ತೆಗೆದು ಕಾರ್ ಸೀಟನ್ನೇ ವಿಮಾನದೊಳಗೆ ಒಯ್ಯುವುದು. ಮೂರು, ನಾನು ಕಿಟಕಿ, ನಮ್ಮವರು ಐಲ್ (ಓಡಾಡುವ ದಾರಿ ಪಕ್ಕದ ಸೀಟು), ಮಧ್ಯದ ಸೀಟು ಖಾಲಿ ಬರಲಿ ಅಂತ ದೇವರ ಮೇಲೆ ಭಾರ ಹಾಕುವುದು. ಎರಡನೆಯದಕ್ಕೆ ಸಾವಿರ ಡಾಲರ್ ಹತ್ತಿರ ಜಾಸ್ತಿ ಆಗುತ್ತದೆ. ನಮಗೆ ಅದು ಸಣ್ಣ ಮೊತ್ತ ಅಲ್ಲ. ಅತ್ತೆ ಫೋನಲ್ಲಿ "ಅಷ್ಟು ದುಡ್ಡು ಯಾಕೆ, ತಾಯಿ ಮಡಿಲಿಗಿಂತ ಬೇಕಾ" ಅನ್ನುತ್ತಾರೆ. ಹೋಗಿ ಬಂದವರು ದಯವಿಟ್ಟು ಹೇಳಿ. ಎರಡು ವಾರದಿಂದ ಇದೇ ಯೋಚನೆ.

ಇಬ್ಬರ_ಅಪ್ಪ
ನಾವು ನ್ಯೂಜೆರ್ಸಿ. ಇಬ್ಬರು ಮಕ್ಕಳ ಜೊತೆ ನಾಲ್ಕು ಸಲ ಹೋಗಿ ಬಂದಿದ್ದೇವೆ, ಎರಡು ಸಲ ಬ್ಯಾಸಿನೆಟ್ ಸಿಕ್ಕಿತ್ತು. ದೊಡ್ಡವನಿಗೆ ಆಗ ಐದು ತಿಂಗಳು. ಸ್ವರ್ಗ ಅಂದರೆ ಸ್ವರ್ಗ. ಮಲಗಿಸಿದೆವು, ಮಲಗಿದ, ನಾವು ಊಟ ಮಾಡಿದೆವು. ಚಿಕ್ಕವಳನ್ನು 11 ತಿಂಗಳಿಗೆ ಕರೆದುಕೊಂಡು ಹೋದಾಗ ಅದೇ ತೊಟ್ಟಿಲಲ್ಲಿ ಅವಳ ಪಾದ ಎರಡೂ ಹೊರಗೆ. ಮಲಗಿಸಿದ ಕೂಡಲೇ ಅಂಚು ಹಿಡಿದು ಎದ್ದು ಕೂರುತ್ತಿದ್ದಳು. ನೀವು "ಏನು ಸಿಕ್ಕಿದರೂ ಹಿಡಿದು ನಿಲ್ಲುತ್ತಾಳೆ" ಅಂತ ಬರೆದಿದ್ದೀರಲ್ಲ ತಂಗಿ, ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ.

ತೂಕದ ಮಿತಿ ಒಂದೊಂದು ಏರ್‌ಲೈನ್ಸ್‌ಗೆ ಒಂದೊಂದು ಥರ. 10, 11 ಕೆಜಿ ಸಾಮಾನ್ಯ, ಕೆಲವರದು ಇನ್ನೂ ಜಾಸ್ತಿ. ಉದ್ದಕ್ಕೂ ಮಿತಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಮಗುವನ್ನು ನೆಲದ ಮೇಲೆ ಮಲಗಿಸಿ ಟೇಪಿನಲ್ಲಿ ಅಳೆಯಿರಿ.

ಇನ್ನೊಂದು ಮಾತು. ಆ ಮುಂದಿನ ಸಾಲು ದೂರದಿಂದ ಚೆನ್ನಾಗಿ ಕಾಣುತ್ತದೆ. ಕೂತ ಮೇಲೆ ಗೊತ್ತಾಗುತ್ತದೆ. ಟ್ರೇ ಮತ್ತು ಟಿವಿ ಕೈ ಇಡುವ ಜಾಗದೊಳಗಿಂದ ಬರುತ್ತವೆ, ಹಾಗಾಗಿ ಆರ್ಮ್‌ರೆಸ್ಟ್ ಮೇಲೆ ಎತ್ತಲು ಆಗುವುದಿಲ್ಲ. ಅಂದರೆ ಮಗುವನ್ನು ಇಬ್ಬರ ಮಡಿಲಿಗೂ ಅಡ್ಡ ಮಲಗಿಸುವ ಆಸೆ ಬಿಟ್ಟುಬಿಡಿ. ಮುಂದೆ ಸೀಟೇ ಇಲ್ಲ, ಹಾಗಾಗಿ ಕಾಲ ಬಳಿ ಬ್ಯಾಗ್ ಇಡಲು ಬಿಡುವುದಿಲ್ಲ. ಟೇಕಾಫ್ ಹೊತ್ತಿಗೆ ಡೈಪರ್, ಬಾಟಲಿ, ಒರೆಸುವ ಬಟ್ಟೆ ಎಲ್ಲ ಮೇಲಿನ ಡಬ್ಬದೊಳಗೆ. ಬೆಲ್ಟ್ ಚಿಹ್ನೆ ಹೊತ್ತಿದಾಗಲೆಲ್ಲ ಮಲಗಿರುವ ಮಗುವನ್ನು ಎತ್ತಿ ಮಡಿಲಿಗೆ ತೆಗೆದುಕೊಳ್ಳಬೇಕು. ಅಟ್ಲಾಂಟಿಕ್ ಮೇಲೆ ನಮಗೆ ಆರು ಸಲ ಎತ್ತಿಸಿದರು. ಮೂರನೇ ಸಲಕ್ಕೆ ಅವಳು ಪೂರ್ತಿ ಎಚ್ಚರ.

ಫ್ರಾಂಕ್‌ಫರ್ಟ್_ಕನ್ನಡತಿ
ಅಣ್ಣ ಹೇಳಿದ್ದು ಸರಿ, ಆದರೆ ಬ್ಯಾಸಿನೆಟ್ ಪೂರ್ತಿ ಬೇಡ ಅನ್ನಬೇಡಿ. ನನ್ನ ಮಗ ಒಂಬತ್ತು ತಿಂಗಳಲ್ಲೂ ಅದರಲ್ಲಿ ನಾಲ್ಕು ಗಂಟೆ ಮಲಗಿದ್ದ. ಮಲಗದೆ ಇದ್ದರೂ ಆಟದ ಸಾಮಾನು ಇಡಲು ಒಂದು ಜಾಗ. ಮುಂದೆ ಒಂದಿಷ್ಟು ನೆಲ ಸಿಗುತ್ತದೆ, ಎದ್ದು ನಿಂತು ತೂಗಬಹುದು, ಪಕ್ಕದವರನ್ನು ಎಬ್ಬಿಸದೆ ಹೊರಗೆ ಬರಬಹುದು.

ಕೇಳುವ ರೀತಿ ಮುಖ್ಯ. ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ, ಪಿಎನ್‌ಆರ್ ಕೊಟ್ಟು, ಎರಡೂ ವಿಮಾನಕ್ಕೆ ಬೇರೆ ಬೇರೆಯಾಗಿ ಕೇಳಿ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ತಾನಾಗೇ ಬರುವುದಿಲ್ಲ. ಒಂದು ವಿಮಾನದಲ್ಲಿ ತೊಟ್ಟಿಲು ಸಿಕ್ಕಿಸುವ ಕೊಂಡಿ ಇರುವ ಜಾಗ ಕೆಲವೇ ಕೆಲವು, ಡಿಸೆಂಬರ್‌ನಲ್ಲಿ ಊರಿಗೆ ಹೋಗುವ ವಿಮಾನದಲ್ಲಿ ಕೂಸುಗಳು ಹತ್ತಾರು. ವಿಮಾನ ಬದಲಾದರೆ ಸೀಟೂ ಹೋಗುತ್ತದೆ. ನನಗೆ ಹಾಗೆ ಆಗಿದೆ. ಎರಡು ತಿಂಗಳು ಮೊದಲೇ ಖಾತ್ರಿ ಮಾಡಿಸಿಕೊಂಡಿದ್ದೆ, ಚೆಕ್‌ಇನ್‌ನಲ್ಲಿ "ವಿಮಾನ ಬದಲಾಗಿದೆ ಮೇಡಂ" ಅಂದು ಮಧ್ಯದ ಬ್ಲಾಕಿನ ಮಧ್ಯದ ಸೀಟು ಕೊಟ್ಟರು. ಅಲ್ಲೇ ಕಣ್ಣಲ್ಲಿ ನೀರು ಬಂತು.

ಟಿಕೆಟ್‌ಗೆ ಮೊದಲು ಯಾವ ವಿಮಾನ ಅಂತ ನೋಡಿ. 777 ಆದರೆ ಒಂದು ಸಾಲಲ್ಲಿ ಸೀಟು ಬಹುತೇಕ 3-4-3, ಮಧ್ಯದ ಗೆರೆ ಅಂದರೆ ಓಡಾಡುವ ದಾರಿ. 787, ಎ350 ಆದರೆ 3-3-3. ಎ330 ಆದರೆ 2-4-2, ಗಂಡ ಹೆಂಡತಿ ಮಡಿಲ ಮಗುವಿನ ಜೊತೆ ಹೋಗಲು ಅದರ ಬದಿಯ ಎರಡು ಸೀಟಿನಂಥ ಜಾಗ ಬೇರೆ ಇಲ್ಲ. ಮೂರನೆಯವರೇ ಇಲ್ಲ ಅಲ್ವಾ.

ಕರಾವಳಿ_ಮಾಜಿಕ್ರೂ
ಎಂಟು ವರ್ಷ ಕ್ಯಾಬಿನ್ ಕ್ರೂ ಆಗಿದ್ದೆ, ಈಗ ಮಂಗಳೂರಲ್ಲಿ ಇದ್ದೇನೆ. ಪ್ರಯಾಣಿಕರಿಗೆ ಯಾರೂ ಹೇಳದ ಕೆಲವು ವಿಷಯ ಬರೆಯುತ್ತೇನೆ.

ಆಕ್ಸಿಜನ್ ಮಾಸ್ಕ್. ಪಕ್ಕಪಕ್ಕದ ಮೂರು ಸೀಟಿಗೆ ಸಾಮಾನ್ಯವಾಗಿ ನಾಲ್ಕು ಮಾಸ್ಕ್. ಅಂದರೆ ಒಂದು ಬ್ಲಾಕಿನಲ್ಲಿ ಮಡಿಲ ಮಗು ಒಂದೇ ಇರಬಹುದು. ನೀವೂ ನಿಮ್ಮ ಅಕ್ಕನೂ ಒಟ್ಟಿಗೆ ಹೊರಟು, ಇಬ್ಬರ ಮಡಿಲಲ್ಲೂ ಕೂಸು ಇದ್ದರೆ ಪಕ್ಕಪಕ್ಕ ಕೂರಲು ಬಿಡದೆ ಇರುವುದು ಅದಕ್ಕೇ. ಕ್ರೂ ಹಟ ಮಾಡುತ್ತಿಲ್ಲ.

ಬೆಲ್ಟ್. ಯುರೋಪ್, ಗಲ್ಫ್, ಭಾರತದ ವಿಮಾನಗಳಲ್ಲಿ ಮಡಿಲ ಮಗುವಿಗೆ ನಿಮ್ಮ ಬೆಲ್ಟಿಗೆ ಸಿಕ್ಕಿಸುವ ಇನ್ನೊಂದು ಚಿಕ್ಕ ಬೆಲ್ಟ್ ಕೊಡುತ್ತಾರೆ. ಅಮೆರಿಕದ ಏರ್‌ಲೈನ್ಸ್‌ಗಳಲ್ಲಿ ಕೊಡುವುದಿಲ್ಲ, ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಅದನ್ನು ಒಪ್ಪುವುದಿಲ್ಲ. ಜೋರಾಗಿ ಅಪ್ಪಳಿಸಿದಾಗ ತಾಯಿಯ ಭಾರವೇ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತದೆ ಅನ್ನುವುದು ಕಾರಣ. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಕೂಡ ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಬಿಚ್ಚಿಸುತ್ತಾರೆ.

ಕಾರ್ ಸೀಟ್. ಅಮೆರಿಕದಲ್ಲಿ ಕೊಂಡದ್ದಾದರೆ ಅದರ ಬದಿಯಲ್ಲೋ ಹಿಂದೆಯೋ ಒಂದು ಸ್ಟಿಕ್ಕರ್ ಇರುತ್ತದೆ, ಕಾರಿಗೂ ವಿಮಾನಕ್ಕೂ ಸರ್ಟಿಫೈ ಆಗಿದೆ ಅಂತ ಕೆಂಪು ಅಕ್ಷರದಲ್ಲಿ. ಅದು ಕಾಣಬೇಕು, ಕ್ರೂ ಕೇಳುತ್ತಾರೆ. ಬೂಸ್ಟರ್ (ದೊಡ್ಡ ಮಕ್ಕಳನ್ನು ಎತ್ತರಕ್ಕೆ ಕೂರಿಸುವ ಸೀಟು) ನಡೆಯುವುದಿಲ್ಲ. ಕಾರ್ ಸೀಟನ್ನು ಸಾಮಾನ್ಯವಾಗಿ ಕಿಟಕಿ ಪಕ್ಕವೇ ಇಡಬೇಕು, ಯಾರೂ ಹೊರಗೆ ಬರುವಾಗ ಅಡ್ಡ ಆಗಬಾರದು. ತುರ್ತು ಬಾಗಿಲ ಸಾಲಲ್ಲಿ, ಅದರ ಹಿಂದೆ ಮುಂದೆ ಇಲ್ಲ. ಅಗಲ ಅಳೆಯಿರಿ. ಇಕಾನಮಿ ಸೀಟು 17 ಇಂಚು ಆಸುಪಾಸು, 16 ಇಂಚು ದಾಟಿದ ಕಾರ್ ಸೀಟು ಸಿಕ್ಕಿಹಾಕಿಕೊಳ್ಳಬಹುದು. ಮಗು ಹಿಂದೆ ಮುಖ ಮಾಡಿ ಕೂರುವ ಹಾಗಿದ್ದರೆ ಮುಂದಿನವರು ಸೀಟು ಹಿಂದಕ್ಕೆ ಬಾಗಿಸಲು ಆಗದೆ ಇರಬಹುದು. ಆ ಸೀಟಲ್ಲಿ ನಿಮ್ಮವರನ್ನೇ ಕೂರಿಸುವ ಯೋಚನೆ ಮಾಡಿ.

ಮಗುವನ್ನು ಐಲ್ ಕಡೆ ತಲೆ ಮಾಡಿ ಮಲಗಿಸಬೇಡಿ. ಟ್ರಾಲಿ ತಳ್ಳುವಾಗ ನಮಗೆ ಸೀಟಿನ ಮಟ್ಟ ಕಾಣುವುದೇ ಇಲ್ಲ. ಬಿಸಿ ಕಾಫಿ ಮಗುವಿನ ಮೇಲಿಂದಲೇ ಕೈ ದಾಟುತ್ತದೆ. ಇದು ನಾನು ಹೇಳುವ ಎಲ್ಲದಕ್ಕಿಂತ ಮುಖ್ಯ.

ಹುಬ್ಬಳ್ಳಿ_ಡಬ್ಲಿನ್
ಇದರ ಮಧ್ಯೆ ನನ್ನದೊಂದು ಪ್ರಶ್ನೆ. ಬಾಣಂತನ ಮುಗಿಸಿಕೊಂಡು ವಾಪಸ್ ಹೊರಟಿದ್ದೇನೆ, ಒಬ್ಬಳೇ, ಐದು ತಿಂಗಳ ಮಗ. ಬೆಂಗಳೂರು, ದೋಹಾ, ಡಬ್ಲಿನ್. ದೋಹಾದಿಂದ ಎಂಟು ಗಂಟೆ ಹತ್ತಿರ. ನನಗೆ ಬ್ಯಾಸಿನೆಟ್ ಸರಿಯಾ? ಬಾತ್‌ರೂಮಿಗೆ ಹೋಗುವುದು ಹೇಗೆ ಅನ್ನುವುದೇ ದೊಡ್ಡ ಭಯ, ನಗಬೇಡಿ.

ಕರಾವಳಿ_ಮಾಜಿಕ್ರೂ
ನಗುವ ಮಾತೇ ಅಲ್ಲಮ್ಮ, ಒಬ್ಬರೇ ಬರುವ ತಾಯಂದಿರು ಎಲ್ಲರೂ ಇದನ್ನೇ ಕೇಳುತ್ತಿದ್ದರು. ಐದು ತಿಂಗಳಿಗೆ, ಒಬ್ಬರೇ ಇದ್ದಾಗ, ಕಣ್ಣು ಮುಚ್ಚಿ ಬ್ಯಾಸಿನೆಟ್ ಸಾಲು, ಅದರಲ್ಲೂ ಐಲ್ ತುದಿ. ಹತ್ತಿದ ಕೂಡಲೇ ಕ್ರೂಗೆ "ನಾನು ಒಬ್ಬಳೇ ಇದ್ದೇನೆ" ಅಂತ ಹೇಳಿ. ಊಟ ಬಡಿಸುವ ಹೊತ್ತು ಬಿಟ್ಟು ಬೇರೆ ಹೊತ್ತಲ್ಲಿ ಎರಡು ನಿಮಿಷ ಯಾರಾದರೂ ಎತ್ತಿಕೊಳ್ಳುತ್ತಾರೆ. ಯಾರೂ ಸಿಗದಿದ್ದರೆ ಎದೆಗೆ ಕಟ್ಟಿಕೊಂಡು ಹೋಗಿ. ಸಡಿಲ ಪ್ಯಾಂಟ್ ಹಾಕಿಕೊಳ್ಳಿ, ಗುಂಡಿ ಜಿಪ್ ಇರುವುದು ಬೇಡ.

ಸಾಗರದ_ಅಜ್ಜಿ
ನನ್ನ ಮಗಳು ಈ ಚರ್ಚೆ ತೋರಿಸಿದಳು, ಅವಳ ಖಾತೆಯಿಂದಲೇ ಬರೆಯುತ್ತಿದ್ದೇನೆ. ಮೊಮ್ಮಗಳ ಜೊತೆ ಸಿಯಾಟಲ್‌ಗೆ ಹೋಗಿ ಬಂದವಳು ನಾನು. ಮಗು, ನಿಮ್ಮ ಅತ್ತೆ ಹೇಳಿದ್ದು ಪ್ರೀತಿಯಿಂದಲೇ, ಬೇಜಾರು ಮಾಡಿಕೊಳ್ಳಬೇಡ. ನಾವು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಸಾಗರದಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಲ್ಲಿ ಬಂದವರು. ಆದರೆ ಬಸ್ಸು ಅರಸೀಕೆರೆಯಲ್ಲಿ ನಿಲ್ಲುತ್ತಿತ್ತು, ಇಳಿದು ಓಡಾಡಿಸಬಹುದಿತ್ತು. ವಿಮಾನ ಎಲ್ಲಿ ನಿಲ್ಲುತ್ತದೆ. ಎಂಟನೇ ಗಂಟೆಗೆ ನನ್ನ ತೊಡೆ ಮರಗಟ್ಟಿ ಹೋಯಿತು. ಮಗಳ ಕೈ ನಡುಗುತ್ತಿತ್ತು, ಬಾಟಲಿಗೆ ನೀರು ಹಾಕುವಾಗ ಅರ್ಧ ಸೀರೆ ಮೇಲೆ. ದುಡ್ಡು ಇದ್ದರೆ ಸೀಟು ತೆಗೆ ಅನ್ನುತ್ತೇನೆ.

ಏನೇ ತೆಗೆದರೂ ಒಂದು ಹಳೆ ಹತ್ತಿ ಸೀರೆ ತುಂಡು ತೆಗೆದುಕೊಂಡು ಹೋಗು. ಒಗೆಯಬೇಡ. ಮನೆಯಲ್ಲಿ ಅದರ ಮೇಲೇ ನಾಲ್ಕು ದಿನ ಮಲಗಿಸು, ಅದನ್ನೇ ಅಲ್ಲೂ ಹಾಸು. ಮಗುವಿಗೆ ವಾಸನೆಯೇ ಮನೆ. ರಾಗಿ ಸರಿ ಪುಡಿ ಡಬ್ಬಿಯಲ್ಲಿ ಇರಲಿ, ಬಿಸಿನೀರು ಕೇಳಿದರೆ ಕೊಡುತ್ತಾರೆ, ಆದರೆ ತುಂಬ ಬಿಸಿ ಇರುತ್ತದೆ, ಆರಿಸಿ ಕೊಡು.

ಅಯೋವಾ_ಗೌಡ
ಎಲ್ಲರೂ ನಿದ್ದೆ ಬಗ್ಗೆ ಮಾತಾಡುತ್ತಿದ್ದಾರೆ. ನಾನು ಸುರಕ್ಷತೆ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಇರುವುದು ಅಯೋವಾದಲ್ಲಿ, ಇಲ್ಲಿ ಸೂ ಸಿಟಿಯ ಕಥೆ ಇನ್ನೂ ಜನರ ನೆನಪಲ್ಲಿದೆ. 1989ರ ಜುಲೈ 19, ಯುನೈಟೆಡ್ ಏರ್‌ಲೈನ್ಸ್‌ನ 232 ನಂಬರಿನ ವಿಮಾನ ಅಲ್ಲಿ ಅಪ್ಪಳಿಸಿತು. ಬಾಲದ ಎಂಜಿನ್ ಒಡೆದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ಎಲ್ಲ ಹೋಗಿತ್ತು. 296 ಜನರಲ್ಲಿ 112 ಜನ ಸತ್ತರು. ಮಡಿಲಲ್ಲಿ ನಾಲ್ಕು ಪುಟ್ಟ ಮಕ್ಕಳಿದ್ದವು. ಮುಖ್ಯ ಫ್ಲೈಟ್ ಅಟೆಂಡೆಂಟ್ ಜ್ಯಾನ್ ಬ್ರೌನ್ ಆಗಿನ ನಿಯಮದಂತೆ, ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಅಂದರು. ಒಂದು ಮಗು ಉಳಿಯಲಿಲ್ಲ. ಆ ತಾಯಿ ಮಗುವನ್ನು ಹುಡುಕಿಕೊಂಡು ಉರಿಯುವ ವಿಮಾನದ ಕಡೆಗೇ ವಾಪಸ್ ಬರುತ್ತಿದ್ದಾಗ ಅವರನ್ನು ತಡೆದವರೂ ಜ್ಯಾನ್ ಬ್ರೌನ್ ಅವರೇ. ಆಮೇಲೆ ಅವರು ವರ್ಷಗಟ್ಟಲೆ ಒಂದೇ ವಿಷಯಕ್ಕೆ ಹೋರಾಡಿದರು: ಮಗುವಿಗೂ ಸ್ವಂತ ಸೀಟು, ಸ್ವಂತ ಬೆಲ್ಟ್.

ನಿಯಮ ಇನ್ನೂ ಬಂದಿಲ್ಲ. ಕಡ್ಡಾಯ ಮಾಡಿದರೆ ಜನ ಟಿಕೆಟ್ ದುಬಾರಿ ಅಂತ ಕಾರಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಸಾವು ಜಾಸ್ತಿ ಅನ್ನುವುದು ಎಫ್‌ಎಎ ವಾದ. ಆದರೆ ಅದೇ ಎಫ್‌ಎಎ, ಎರಡು ವರ್ಷದೊಳಗಿನ ಮಗುವಿಗೆ ಸುರಕ್ಷಿತ ಜಾಗ ಮಡಿಲಲ್ಲ, ಒಪ್ಪಿಗೆ ಪಡೆದ ಕಾರ್ ಸೀಟು ಅಂತ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದಿಂದ ದಾವಣಗೆರೆಗೆ ಕಾರಲ್ಲಿ ಹೋಗಲು ಆಗುವುದಿಲ್ಲ, ಹಾಗಾಗಿ ಆ ವಾದ ನಿಮಗೆ ಹೊಂದುವುದೇ ಇಲ್ಲ.

ಇಬ್ಬರ_ಅಪ್ಪ
ಗೌಡ್ರೇ, ನಿಮ್ಮ ಮಾತು ನಿಜ. ಆದರೆ ಹೊಸ ತಾಯಿಗೆ ಹೆದರಿಕೆ ಹುಟ್ಟಿಸಬೇಡಿ. ದೊಡ್ಡ ವಿಮಾನ ಅಪಘಾತ ತುಂಬ ಅಪರೂಪ. ಎಲ್ಲರಿಗೂ ಸಾವಿರ ಡಾಲರ್ ಕೊಡಲು ಆಗುವುದಿಲ್ಲ. ನಾವು ನಾಲ್ಕು ಸಲವೂ ಮಡಿಲಲ್ಲೇ ಕರೆದುಕೊಂಡು ಹೋದೆವು.

ಅಯೋವಾ_ಗೌಡ
ಹೆದರಿಸಲು ಹೇಳಿಲ್ಲ ಅಣ್ಣ. ಅಪಘಾತ ಬಿಡಿ, ಟರ್ಬುಲೆನ್ಸ್ ಅಪರೂಪ ಅಲ್ಲವಲ್ಲ. ಇದ್ದಕ್ಕಿದ್ದ ಹಾಗೆ ವಿಮಾನ ಕುಸಿದಾಗ ಒಂಬತ್ತು ಕೆಜಿ ಮಗುವನ್ನು ಯಾರ ಕೈಯೂ ಹಿಡಿದಿಡಲಾರದು. ಇನ್‌ಫೆಂಟ್ ಟಿಕೆಟ್ ಆಗಲೇ ದೊಡ್ಡವರ ದರದ 10 ಪರ್ಸೆಂಟ್ ಮತ್ತು ಟ್ಯಾಕ್ಸ್ ಆಗುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿ.

ಮಂಡ್ಯ_ಮ್ಯೂನಿಕ್
ಮೂರನೇ ದಾರಿ ಬಗ್ಗೆ ಯಾರೂ ಬರೆದಿಲ್ಲ. ಕಿಟಕಿ, ಐಲ್ ತೆಗೆದುಕೊಂಡು ಮಧ್ಯ ಖಾಲಿ ಬಿಡುವುದು ಫೆಬ್ರವರಿಯಲ್ಲೋ ಸೆಪ್ಟೆಂಬರ್‌ನಲ್ಲೋ ನಡೆಯಬಹುದು. ಡಿಸೆಂಬರ್‌ನಲ್ಲಿ ಆಸೆ ಇಟ್ಟುಕೊಳ್ಳಬೇಡಿ. ನಮ್ಮ ಮಧ್ಯದ ಸೀಟಿಗೆ ಒಬ್ಬ ವಯಸ್ಸಾದ ಜರ್ಮನ್ ಬಂದರು. ಪಾಪ, ಒಳ್ಳೆಯವರು, ತಾವೇ ಐಲ್‌ಗೆ ಹೋಗಿ ನಮ್ಮನ್ನು ಒಟ್ಟಿಗೆ ಕೂರಿಸಿದರು. ಆದರೂ ಮೂರು ಸೀಟಲ್ಲಿ ನಾಲ್ಕು ಜೀವ.

ಕಿವಿ ವಿಷಯ ಮರೆಯಬೇಡಿ. ಕಿವಿ ನೋವು ಬರುವುದು ಹೆಚ್ಚಾಗಿ ಇಳಿಯುವಾಗ. ಇಳಿಯಲು ಅರ್ಧ ಗಂಟೆ ಇದೆ ಅಂದಾಗ ಎಬ್ಬಿಸಿ, ಹಾಲು ಕೊಡಿ. ಮಗು ಕಾರ್ ಸೀಟಲ್ಲಿ ಇದ್ದರೆ ಎದೆಹಾಲು ಕೊಡಲು ಆಗುವುದಿಲ್ಲ, ಬಾಟಲಿಯೋ ನಿಪ್ಪಲೋ ಅಭ್ಯಾಸ ಇರಬೇಕು.

ದಾವಣಗೆರೆ_ಮಗಳು
ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ರಾತ್ರಿ ಕೂತು ಇಬ್ಬರೂ ಓದಿದೆವು. ಸೂ ಸಿಟಿ ಕಥೆ ಓದಿ ನಮ್ಮವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಹೋಗಿ ಮಗುವನ್ನು ಅಳೆದುಕೊಂಡು ಬಂದರು. ವಾಪಸ್ ಬರುವಾಗ ಹನ್ನೊಂದೂವರೆ ತಿಂಗಳು ಆಗಿರುತ್ತದೆ, 10 ಕೆಜಿ ದಾಟಿರುತ್ತಾಳೆ. ಬ್ಯಾಸಿನೆಟ್ ಒಂದು ಕಡೆಗೆ ಮಾತ್ರ, ಅದೂ ಸಿಕ್ಕಿದರೆ.

ಸೀಟು ತೆಗೆದೆವು, ಎರಡೂ ಕಡೆಗೆ. ಊರಲ್ಲಿ ಒಂದು ವಾರ ಸುತ್ತುವ ಯೋಜನೆ ಬಿಟ್ಟೆವು, ದುಡ್ಡು ಅಲ್ಲಿಂದ ಬಂತು. ಬೆಂಗಳೂರಿಂದ ದಾವಣಗೆರೆ 260 ಕಿಲೋಮೀಟರ್, ಮಧ್ಯರಾತ್ರಿ ಹೈವೇ. ಅಲ್ಲಿಗೂ ಈ ಕಾರ್ ಸೀಟೇ ಬೇಕು ಅಂತ ಹೊಳೆದಾಗ ಮನಸ್ಸು ಗಟ್ಟಿ ಆಯಿತು. ಎರಡು ವರ್ಷದೊಳಗಿನ ಮಗುವಿಗೆ ಸೀಟು ಸಮೇತ ಟಿಕೆಟ್ ವೆಬ್‌ಸೈಟಲ್ಲಿ ಬರಲೇ ಇಲ್ಲ, ಇನ್‌ಫೆಂಟ್ ಅಂದ ಕೂಡಲೇ ಮಡಿಲಿಗೆ ಹಾಕುತ್ತಿತ್ತು. ಫೋನ್ ಮಾಡಿ 40 ನಿಮಿಷ ಕಾದು ಮಾಡಿಸಿದೆವು.

ಫ್ರಾಂಕ್‌ಫರ್ಟ್_ಕನ್ನಡತಿ
ಒಳ್ಳೆಯದಾಯಿತು. ಮೂವರದೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಭಾರತದ ಏರ್‌ಲೈನ್ಸ್‌ಗಳಿಗೆ ಇಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಹೇಳಿದೆ, 12 ವರ್ಷದವರೆಗಿನ ಮಕ್ಕಳನ್ನು ಅದೇ ಪಿಎನ್‌ಆರ್‌ನ ಅಪ್ಪ ಅಮ್ಮನಲ್ಲಿ ಒಬ್ಬರ ಪಕ್ಕವಾದರೂ ಕೂರಿಸಬೇಕು ಅಂತ. ನೀವು ಹೋಗುವುದು ಬೇರೆ ದೇಶದವರ ವಿಮಾನ, ಅದಕ್ಕೆ ಈಗಲೇ ಸೀಟು ನಂಬರ್ ಹಾಕಿಸಿಕೊಳ್ಳಿ.

ದಾವಣಗೆರೆ_ಮಗಳು | ಆರು ವಾರದ ನಂತರ, ದಾವಣಗೆರೆಯಿಂದ
ಬಂದು ತಲುಪಿದೆವು ಅಂತ ಹೇಳಲು ತಡವಾಯಿತು, ಕ್ಷಮಿಸಿ. ಮುಡಿ ಆಯಿತು. ಬೋಳು ತಲೆ, ಅರಿಶಿನ ಹಚ್ಚಿದ್ದೇವೆ.

ವಿಮಾನದ ವಿಷಯ. ಎಡಗಡೆ ಕಿಟಕಿಗೆ ಕಾರ್ ಸೀಟ್, ಮಧ್ಯ ನಾನು. ಗೌಡಣ್ಣನ ಮಾತು, ಮಾಜಿ ಕ್ರೂ ಅಕ್ಕನ ಮಾತು ಎರಡೂ ತಲೆಯಲ್ಲಿತ್ತು, ಹಾಗಾಗಿ ನಮ್ಮವರನ್ನು ಮುಂದಿನ ಸಾಲಿನ ಕಿಟಕಿಗೆ ಕೂರಿಸಿದೆ. ಅವರು 11 ಗಂಟೆ ನೆಟ್ಟಗೆ ಕೂತು ಬಂದರು. ಸ್ಟಿಕ್ಕರ್ ನಿಜವಾಗಲೂ ಕೇಳಿದರು, ನಾನು ಅದರ ಫೋಟೋ ಮೊದಲೇ ಫೋನಲ್ಲಿ ಇಟ್ಟುಕೊಂಡಿದ್ದೆ. ಬೆಲ್ಟು ತೂರಿಸಿ ಬಿಗಿ ಮಾಡಲು ಹತ್ತು ನಿಮಿಷ ಹಿಡಿಯಿತು, ಮಂಡಿ ಊರಿ ಭಾರ ಹಾಕಬೇಕಾಯಿತು.

ಮೊದಲ ಎರಡು ಗಂಟೆ ಅತ್ತಳು. ಸುಳ್ಳು ಹೇಳುವುದಿಲ್ಲ. ಬೆಲ್ಟ್ ಚಿಹ್ನೆ ಆರಿದಾಗಲೆಲ್ಲ ಎತ್ತಿಕೊಂಡು ಹಿಂದಿನ ಬಾಗಿಲ ಹತ್ತಿರ ನಿಂತೆ. ಆಮೇಲೆ ಸೀರೆ ತುಂಡನ್ನು ಕೆನ್ನೆಯ ಹತ್ತಿರ ಇಟ್ಟೆ. ಅಜ್ಜಿ, ಅದನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ಮಲಗಿದವಳು ಐದು ಗಂಟೆ ಏಳಲಿಲ್ಲ. ಮಧ್ಯೆ ಗ್ರೀನ್‌ಲ್ಯಾಂಡ್ ಹತ್ತಿರ ಚೆನ್ನಾಗಿ ಅಲುಗಾಡಿತು, ಬೆಲ್ಟ್ ಚಿಹ್ನೆ ಎರಡು ಸಲ ಹೊತ್ತಿತು. ನಾನು ಅವಳನ್ನು ಮುಟ್ಟಲೇ ಇಲ್ಲ. ಬ್ಯಾಸಿನೆಟ್ ಸಾಲಲ್ಲಿ ಮಲಗಿದ್ದ ಮಗುವನ್ನು ಎರಡು ಸಲವೂ ಎತ್ತಿದರು, ಪಾಪ ಆ ತಾಯಿ ಒಬ್ಬರೇ ಇದ್ದರು. ಊಟದ ಹೊತ್ತಿಗೆ ಅವರ ಮಗುವನ್ನು ನಾನು ಎತ್ತಿಕೊಂಡೆ.

ಎರಡನೇ ವಿಮಾನದಲ್ಲಿ ಕಾರ್ ಸೀಟಿನ ಮುಂದೆ ಕೂತವರು ನಮ್ಮವರಲ್ಲ, ಸೀಟು ಬದಲಾಗಿತ್ತು. ಅವರಿಗೆ ಮೊದಲೇ ವಿಷಯ ಹೇಳಿದೆ. ಮುಖ ಸಣ್ಣ ಮಾಡಿದರು, ಆದರೆ ಒಪ್ಪಿದರು. ಇಳಿಯುವಾಗ ಬಾಟಲಿ ತೆಗೆದುಕೊಳ್ಳಲಿಲ್ಲ, ಕಿವಿ ಹಿಡಿದುಕೊಂಡು ಚೀರಿದಳು, ಹತ್ತು ನಿಮಿಷ. ವಾಪಸ್ ಹೋಗುವಷ್ಟರಲ್ಲಿ ಬಾಟಲಿ ಅಭ್ಯಾಸ ಮಾಡಿಸುತ್ತಿದ್ದೇನೆ.

ಅತ್ತೆ ಏರ್‌ಪೋರ್ಟಿಗೆ ಬಂದಿದ್ದರು. ಕಾರಲ್ಲಿ ಮಗುವಿನ ಪಕ್ಕ ಕೂತು, ಆ ಸೀಟಿನ ಬೆಲ್ಟನ್ನು ಎರಡು ಸಲ ಎಳೆದು ನೋಡಿ, "ಗಟ್ಟಿ ಇದೆಯಲ್ವಾ" ಅಂದರು. ತುಮಕೂರು ದಾಟುವ ಹೊತ್ತಿಗೆ ಇಬ್ಬರೂ ನಿದ್ದೆ.

ಹುಬ್ಬಳ್ಳಿ_ಡಬ್ಲಿನ್
ನಾನೂ ಬಂದು ತಲುಪಿದೆ ಅಕ್ಕಾ. ಬ್ಯಾಸಿನೆಟ್, ಐಲ್ ತುದಿ, ಎರಡೂ ಸಿಕ್ಕಿತು. ಪಕ್ಕದಲ್ಲಿ ಕೇರಳದ ನರ್ಸ್ ಒಬ್ಬರು ಇದ್ದರು. ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಮಗನಿಗೆ ಡೈಪರ್ ಬದಲಿಸಿ ಮಲಗಿಸಿದ್ದರು.